ಒಂದು ಕಿಲೋಮೀಟರೂ ಇಲ್ಲದ ಟ್ರಾಮ್ ಹಳಿ, ಮತ್ತು ಆ ಹಳಿ ಯಾರದ್ದು ಅನ್ನುವ ಪ್ರಶ್ನೆ

ಜಪಾನಿನ ತೊಯಾಮಾ ನಗರ 2009ರ ಡಿಸೆಂಬರ್ 23ರಂದು ಹೊಸ ಟ್ರಾಮ್ ಮಾರ್ಗವೊಂದನ್ನು ಶುರು ಮಾಡಿತು. ಅದಕ್ಕಾಗಿ ಹೊಸದಾಗಿ ಹಾಕಿದ ಹಳಿ ಎಷ್ಟು ಗೊತ್ತಾ? ಸುಮಾರು 0.9 ಕಿಲೋಮೀಟರ್. ನಡೆದರೆ ಹದಿನೈದು ನಿಮಿಷದೊಳಗೆ ಮುಗಿಯುವ ದೂರ. ಇಷ್ಟಕ್ಕೆ ಗಾಡಿಗಳ ಖರ್ಚೂ ಸೇರಿ ಸುಮಾರು 300 ಕೋಟಿ ಯೆನ್ ಖರ್ಚಾಯಿತು.

ಇಷ್ಟು ಚಿಕ್ಕ ಹಳಿಗೆ ಅಷ್ಟು ದುಡ್ಡು ಯಾಕೆ ಅಂತ ಯಾರಿಗಾದರೂ ಅನ್ನಿಸುತ್ತದೆ. ಉತ್ತರ ಹುಡುಕುತ್ತಾ ಹೋದರೆ ಟ್ರಾಮಿನ ವಿಷಯ ಹಿಂದೆ ಉಳಿದು, ಒಂದು ಊರು ತನ್ನ ತೆರಿಗೆ, ತನ್ನ ವಯಸ್ಸಾದವರು, ತನ್ನ ಖಾಲಿಯಾಗುತ್ತಿದ್ದ ಪೇಟೆಬೀದಿ ಎಲ್ಲವನ್ನೂ ಒಟ್ಟಿಗೆ ಇಟ್ಟುಕೊಂಡು ಲೆಕ್ಕ ಹಾಕಿದ ಕಥೆ ಸಿಗುತ್ತದೆ. ಆ ಲೆಕ್ಕ ಈಗ ಮತ್ತೆ ಚರ್ಚೆಗೆ ಬಂದಿದೆ. ಇದೇ ಟ್ರಾಮನ್ನು ಓಡಿಸುವ ಕಂಪನಿ, ತನ್ನ ಹಳ್ಳಿ ಕಡೆಯ ರೈಲು ಮಾರ್ಗಗಳ ಕೆಲವು ಭಾಗವನ್ನು ಇನ್ನು ಒಬ್ಬರೇ ನಡೆಸಲು ಆಗುವುದಿಲ್ಲ ಅಂತ 2025ರಲ್ಲಿ ಹೇಳಿತು. ಒಂದೇ ಕಂಪನಿ, ಒಂದೇ ಪ್ರಾಂತ್ಯ, ಆದರೂ ಎರಡು ಗತಿ. ಯಾಕೆ ಹೀಗಾಯಿತು ಅನ್ನುವುದೇ ಈ ಲೇಖನದ ವಿಷಯ.

ಮೊದಲು ಊರಿನ ಪರಿಚಯ. ತೊಯಾಮಾ ಇರುವುದು ಜಪಾನ್ ಸಮುದ್ರದ ಕಡೆಗೆ. ನಾಲ್ಕು ಲಕ್ಷ ಚಿಲ್ಲರೆ ಜನ. ಒಂದು ಕಡೆ ತಾತೆಯಾಮಾ ಪರ್ವತಗಳು, ಇನ್ನೊಂದು ಕಡೆ ಕೊಲ್ಲಿ, ನಡುವೆ ಸಮತಟ್ಟಾದ ಗದ್ದೆ ಬಯಲು. ಚಳಿಗಾಲದಲ್ಲಿ ಹಿಮ ಜೋರು. ಹಿಂದಿನ ಕಾಲದಿಂದಲೂ ಔಷಧಿ ಮಾರುವವರ ಊರು ಅಂತ ಹೆಸರು. 1945ರ ಆಗಸ್ಟ್ ಮೊದಲ ವಾರದಲ್ಲಿ ಅಮೆರಿಕದ ವಿಮಾನಗಳು ಬೆಂಕಿ ಬಾಂಬು ಸುರಿದಾಗ ಊರಿನ ನಡುಭಾಗ ಹೆಚ್ಚುಕಡಿಮೆ ಪೂರ್ತಿ ಸುಟ್ಟುಹೋಯಿತು. ಮತ್ತೆ ಕಟ್ಟುವಾಗ ರಸ್ತೆಗಳನ್ನು ಅಗಲವಾಗಿ, ನೇರವಾಗಿ ಹಾಕಿದರು. ಆ ಅಗಲದ ರಸ್ತೆಗಳೇ ಮುಂದೆ ಕಾರುಗಳಿಗೆ ಅನುಕೂಲವಾದವು.

ಬಯಲು ಜಾಗ, ಅಗ್ಗದ ನೆಲ, ಒಳ್ಳೆಯ ರಸ್ತೆ. ಜನ ಊರ ಹೊರಗೆ ದೊಡ್ಡ ಮನೆ ಕಟ್ಟಿಕೊಂಡರು. ಮನೆಗೆ ಒಂದಕ್ಕಿಂತ ಜಾಸ್ತಿ ಕಾರು. ಜಪಾನಿನಲ್ಲಿ ಮನೆಯೊಂದಕ್ಕೆ ಅತಿ ಹೆಚ್ಚು ಕಾರಿರುವ ಪ್ರಾಂತ್ಯಗಳ ಸಾಲಿನಲ್ಲಿ ತೊಯಾಮಾ ಮುಂದಿದೆ. ದೊಡ್ಡ ಅಂಗಡಿಗಳೂ ಹೆದ್ದಾರಿ ಪಕ್ಕಕ್ಕೆ ಹೋದವು. ಪೇಟೆಯಲ್ಲಿದ್ದ ಸೈಬು ಮಳಿಗೆ 2006ರಲ್ಲಿ ಬಾಗಿಲು ಹಾಕಿತು. ಟ್ರಾಮ್ 1913ರಲ್ಲೇ ಬಂದಿತ್ತು, ಆದರೆ ಒಂದೊಂದೇ ಮಾರ್ಗ ಕಿತ್ತುಹೋಗಿ 1980ರ ದಶಕದ ನಡುವೆ ಉಳಿದದ್ದು 6.4 ಕಿಲೋಮೀಟರ್ ಮಾತ್ರ. ಹಿಂದೆ ಪೇಟೆಯನ್ನು ಸುತ್ತಿ ಬರುತ್ತಿದ್ದ ಹಳಿಯನ್ನೂ 1970ರ ದಶಕದ ಆರಂಭದಲ್ಲಿ ತೆಗೆದುಹಾಕಿದ್ದರು.

ಇದು ತೊಯಾಮಾ ಒಂದರ ಪಾಡೇನಲ್ಲ. 1930ರ ದಶಕದ ಮೊದಲಲ್ಲಿ ಜಪಾನಿನ 65 ನಗರಗಳಲ್ಲಿ ಟ್ರಾಮ್ ಇತ್ತು. ಯುದ್ಧದ ನಂತರ, ಕಾರುಗಳು ಹೆಚ್ಚಾದ ಹಾಗೆಲ್ಲ, ಟ್ರಾಮ್ ಅಂದರೆ ದಾರಿಗೆ ಅಡ್ಡ ಅನ್ನುವ ಭಾವನೆ ಬೆಳೆಯಿತು. ಗಿಫು ನಗರದಲ್ಲಿ ಹಳಿಯ ಮೇಲೆ ಕಾರು ಓಡಿಸಲೂ ಬಿಟ್ಟರು. ಅಲ್ಲಿ ಎಷ್ಟೋ ಕಡೆ ನಿಲ್ದಾಣ ಅಂದರೆ ರಸ್ತೆಯ ಮೇಲೆ ಬಳಿದ ಬಣ್ಣ ಅಷ್ಟೇ. ಕಾರುಗಳ ನಡುವೆ ನಿಂತು ಕಾಯಬೇಕು, ಹತ್ತಬೇಕು. ವಯಸ್ಸಾದವರು, ಮಕ್ಕಳನ್ನು ಎತ್ತಿಕೊಂಡವರು ಯಾರು ಬರುತ್ತಾರೆ? 2005ರ ಮಾರ್ಚ್ ಕೊನೆಗೆ ಗಿಫು ಟ್ರಾಮ್ ನಿಂತೇಹೋಯಿತು. ತೊಯಾಮಾ ತನ್ನ ಹೊಸ ಟ್ರಾಮ್ ಶುರು ಮಾಡಿದ್ದು ಅದಾಗಿ ಒಂದೇ ವರ್ಷಕ್ಕೆ, 2006ರ ಏಪ್ರಿಲ್ 29ಕ್ಕೆ.

ಆ ಮೊದಲ ಹೆಜ್ಜೆ ಪೋರ್ಟ್ರಾಮ್. ರೈಲು ನಿಲ್ದಾಣದ ಉತ್ತರಕ್ಕೆ ಬಂದರಿನ ಕಡೆ, ಇವಾಸೆಹಾಮಾವರೆಗೆ, ಜೆಆರ್ ಕಂಪನಿಯ (ಹಿಂದಿನ ಸರ್ಕಾರಿ ರೈಲ್ವೆಯಿಂದ ಹುಟ್ಟಿದ್ದು) ಹಳೆಯ ಮಾರ್ಗ ಒಂದಿತ್ತು. ರೈಲು ಗಂಟೆಗೆ ಒಂದೋ ಎರಡೋ. ಜನ ಕಡಿಮೆಯಾದರು ಅಂತ ರೈಲು ಕಡಿಮೆ ಮಾಡುವುದು, ರೈಲು ಕಡಿಮೆ ಅಂತ ಜನ ಇನ್ನೂ ಕಡಿಮೆಯಾಗುವುದು, ಹೀಗೆ ನಡೆದಿತ್ತು. ಶಿಂಕಾನ್ಸೆನ್ ಅನ್ನುವ ಬುಲೆಟ್ ರೈಲು ಬರುತ್ತದೆ, ನಿಲ್ದಾಣವನ್ನು ಮೇಲಕ್ಕೆ ಎತ್ತಬೇಕು, ಈ ಹಳೆ ಮಾರ್ಗ ಏನು ಮಾಡುವುದು ಅನ್ನುವ ಪ್ರಶ್ನೆ ಬಂತು. ಮುಚ್ಚಿ ಬಸ್ ಬಿಡುವುದು ಸುಲಭದ ದಾರಿ. 2002ರಲ್ಲಿ ಮೇಯರ್ ಆಗಿದ್ದ ಮೋರಿ ಮಸಾಶಿ ಬೇರೆ ದಾರಿ ಹಿಡಿದರು. ನಿಲ್ದಾಣದ ಹತ್ತಿರದ ಒಂದು ಕಿಲೋಮೀಟರಿನಷ್ಟನ್ನು ರಸ್ತೆಗೆ ತಂದು, 7.6 ಕಿಲೋಮೀಟರ್ ಉದ್ದದ ಟ್ರಾಮ್ ಮಾಡಿದರು. ನೆಲ ತಗ್ಗಿರುವ ಗಾಡಿ, ಮೆಟ್ಟಿಲು ಹತ್ತುವ ಕೆಲಸವಿಲ್ಲ. ಹಗಲಲ್ಲಿ ಹದಿನೈದು ನಿಮಿಷಕ್ಕೊಂದು, ಬೆಳಗ್ಗೆ ಹತ್ತು ನಿಮಿಷಕ್ಕೊಂದು. ರಾತ್ರಿ ಕೊನೆಯ ಗಾಡಿ ತಡವಾಗಿ. ವಾರದ ದಿನಗಳಲ್ಲಿ ಓಡಾಡುವವರು ಎರಡು ಪಟ್ಟಾದರು, ರಜೆಯ ದಿನಗಳಲ್ಲಿ ಅದಕ್ಕಿಂತ ಜಾಸ್ತಿ.

ಇಲ್ಲಿ ನನಗೆ ಬಹಳ ಇಷ್ಟವಾದದ್ದು ಹಗಲು ಹೊತ್ತಿನ ಬದಲಾವಣೆ. ಮೊದಲು ಮನೆಯಲ್ಲೇ ಕೂತಿರುತ್ತಿದ್ದ ವಯಸ್ಸಾದ ಹೆಂಗಸರು ಹೊರಗೆ ಬರಲು ಶುರು ಮಾಡಿದರು. ಕಾರಿನಿಂದ ಟ್ರಾಮಿಗೆ ಬಂದವರು ಕೆಲವರು. ಆದರೆ ಇವರು ಕಾರಲ್ಲೂ ಹೋಗುತ್ತಿರಲಿಲ್ಲ, ಬಸ್ಸಲ್ಲೂ ಹೋಗುತ್ತಿರಲಿಲ್ಲ, ಎಲ್ಲಿಗೂ ಹೋಗುತ್ತಿರಲಿಲ್ಲ. ಯಾವ ಹಳೆಯ ಲೆಕ್ಕದಲ್ಲೂ ಇಲ್ಲದ ಪ್ರಯಾಣಿಕರು. ಇಂಥವರನ್ನು ಮೊದಲೇ ಎಣಿಸಿ ಯೋಜನೆ ಮಾಡಲು ಆಗುವುದಿಲ್ಲ, ಅಲ್ವಾ?

ಈಗ ಆ 0.9 ಕಿಲೋಮೀಟರ್ ವಿಷಯಕ್ಕೆ ಬರೋಣ. ನಿಲ್ದಾಣದ ದಕ್ಷಿಣಕ್ಕೆ ಹಳೆಯ ಟ್ರಾಮ್ ಮಾರ್ಗಗಳು ಇದ್ದವು. ಒಂದು ಮಾರುನೊವುಚಿ ಕಡೆಯಿಂದ ಪಶ್ಚಿಮಕ್ಕೆ ಹೋಗುತ್ತದೆ, ಇನ್ನೊಂದು ನಿಶಿಚೊ ಮೂಲಕ ದಕ್ಷಿಣಕ್ಕೆ. ಈ ಎರಡರ ನಡುವೆ ಪೇಟೆ, ಕೋಟೆಯ ಆಸುಪಾಸು, ಅಂಗಡಿ ಬೀದಿಗಳು. ಮಾರುನೊವುಚಿಯಿಂದ ನಿಶಿಚೊಗೆ ಹಳಿ ಸೇರಿಸಿದರೆ ಪೂರ್ತಿ ಸುತ್ತು ಆಗುತ್ತದೆ. ಅಷ್ಟನ್ನೇ ಮಾಡಿದರು. ಒಟ್ಟು ಸುತ್ತು ಮೂರೂವರೆ ಕಿಲೋಮೀಟರ್ ಹತ್ತಿರ. ಹೆಸರು ಸೆಂಟ್ರಾಮ್. ಬಿಳಿ, ಬೆಳ್ಳಿ, ಕಪ್ಪು ಬಣ್ಣದ ಮೂರು ಗಾಡಿ. ಒಂದೇ ದಿಕ್ಕಿಗೆ, ಗಡಿಯಾರದ ಮುಳ್ಳಿನ ವಿರುದ್ಧವಾಗಿ ಸುತ್ತುತ್ತವೆ. ಎಲ್ಲಿ ಹತ್ತಿ ಎಲ್ಲಿ ಇಳಿದರೂ ಒಂದೇ ದರ: ಆಗ 200 ಯೆನ್, ಮುಂದೆ 210.

ಒಂದೇ ದಿಕ್ಕು ಅನ್ನುವುದು ಇದರ ದೊಡ್ಡ ಕೊರತೆ ಅಂತ ನಾನು ಅಂದುಕೊಂಡಿದ್ದೇನೆ. ಒಂದು ನಿಲ್ದಾಣ ಹಿಂದೆ ಹೋಗಬೇಕಾದರೆ ಊರೆಲ್ಲ ಸುತ್ತಬೇಕು, ಇಲ್ಲ ನಡೆಯಬೇಕು. ಆದರೆ ಜೋಡಿ ಹಳಿ ಹಾಕಿದ್ದರೆ ಖರ್ಚೂ ಹೆಚ್ಚು, ರಸ್ತೆಯೂ ಇನ್ನಷ್ಟು ಬಿಟ್ಟುಕೊಡಬೇಕು. ಒಂಟಿ ಹಳಿ ಆದ್ದರಿಂದಲೇ ಬೇಗ ಮುಗಿಯಿತು.

ಈ ಸುತ್ತಿನ ನಿಜವಾದ ಹೊಸತನ ಕಾಗದದಲ್ಲಿದೆ. ಹೊಸ ಹಳಿ ಮತ್ತು ಗಾಡಿಗಳ ಒಡೆತನ ಪಾಲಿಕೆಯದ್ದು. ಓಡಿಸುವುದು ತೊಯಾಮಾ ಚಿಹೊ ತೆತ್ಸುದೊ ಅನ್ನುವ ಖಾಸಗಿ ಕಂಪನಿ, ಊರಿನವರ ಬಾಯಲ್ಲಿ ಚಿತೆತ್ಸು. ಬಳಸಿದ್ದಕ್ಕೆ ಕಂಪನಿ ಪಾಲಿಕೆಗೆ ಬಾಡಿಗೆ ಕೊಡುತ್ತದೆ. ಜಪಾನಿನಲ್ಲಿ ಇದನ್ನು ಜೋಗೆ ಬುನ್ರಿ ಅನ್ನುತ್ತಾರೆ, ಅಂದರೆ ಮೇಲಿನದ್ದು ಬೇರೆ, ಕೆಳಗಿನದ್ದು ಬೇರೆ. ಮೇಲೆ ಓಡುವ ಗಾಡಿಯ ಕೆಲಸ ಒಬ್ಬರದ್ದು, ಕೆಳಗಿನ ಹಳಿಯ ಹೊಣೆ ಇನ್ನೊಬ್ಬರದ್ದು. 2007ರಲ್ಲಿ ಬಂದ ಸ್ಥಳೀಯ ಸಾರಿಗೆ ಕಾನೂನು ಟ್ರಾಮಿಗೂ ಇದಕ್ಕೆ ದಾರಿ ಮಾಡಿಕೊಟ್ಟಿತು, ಅದನ್ನು ದೇಶದಲ್ಲಿ ಮೊದಲು ಬಳಸಿಕೊಂಡದ್ದು ತೊಯಾಮಾ.

ಇದರಲ್ಲಿ ಏನು ಮಹಾ ಅನ್ನಿಸಬಹುದು. ಸ್ವಲ್ಪ ನಿಂತು ನೋಡಿ. ಬಸ್ ಕಂಪನಿ ರಸ್ತೆಯನ್ನು ತಾನೇ ಹಾಕಬೇಕು, ಗುಂಡಿ ಮುಚ್ಚಬೇಕು, ಹಿಮ ತೆಗೆಯಬೇಕು, ಸೇತುವೆ ರಿಪೇರಿ ಮಾಡಬೇಕು, ಆ ದುಡ್ಡನ್ನೆಲ್ಲ ಟಿಕೆಟ್‌ನಿಂದಲೇ ಹುಟ್ಟಿಸಬೇಕು ಅಂತ ಯಾರೂ ಹೇಳುವುದಿಲ್ಲ. ರಸ್ತೆ ಊರಿನದ್ದು. ರೈಲಿಗೆ ಮಾತ್ರ ಜಪಾನ್ ಹಾಗೇ ಹೇಳುತ್ತಾ ಬಂತು. ಖಾಸಗಿ ರೈಲು ಕಂಪನಿ ಹಳಿ, ಸೇತುವೆ, ಸಿಗ್ನಲ್, ನಿಲ್ದಾಣ, ವಿದ್ಯುತ್ ತಂತಿ ಎಲ್ಲದರ ಒಡೆಯ, ಎಲ್ಲದರ ಸಾಲವೂ ಅದರ ತಲೆ ಮೇಲೆ. ಟೋಕಿಯೊದಂಥ ಜನಸಾಗರದಲ್ಲಿ ಇದು ನಡೆಯುತ್ತದೆ. ಜನ ಕಡಿಮೆಯಾಗುತ್ತಿರುವ ಪ್ರಾಂತ್ಯದಲ್ಲಿ ಎಷ್ಟು ದಿನ? ಪ್ರಯಾಣಿಕರು ಅರ್ಧವಾದರೆ ಸೇತುವೆಯ ಖರ್ಚು ಅರ್ಧವಾಗುವುದಿಲ್ಲ.

ಸೆಂಟ್ರಾಮ್ ಒಂದು ಸುತ್ತು ಬರುವಷ್ಟರಲ್ಲಿ ಕಂಪನಿಯ ಹಳಿಯಿಂದ ಪಾಲಿಕೆಯ ಹಳಿಗೆ ದಾಟುತ್ತದೆ, ಮತ್ತೆ ಕಂಪನಿಯ ಹಳಿಗೆ ಬರುತ್ತದೆ. ಒಳಗೆ ಕೂತವರಿಗೆ ಇದು ಗೊತ್ತಾಗುವುದೇ ಇಲ್ಲ.

ಸರಿ, ಪಾಲಿಕೆಗೆ ಏನು ಸಿಕ್ಕಿತು? ಟಿಕೆಟ್ ಪೆಟ್ಟಿಗೆ ಒಂದನ್ನೇ ನೋಡಿದರೆ 300 ಕೋಟಿ ಯೆನ್ ಸುಲಭಕ್ಕೆ ಹಿಂದೆ ಬರುವುದಲ್ಲ. ಮೋರಿ ಅವರ ವಾದ ಬೇರೆ ಇತ್ತು. 2005ರಲ್ಲಿ ಸುತ್ತಲಿನ ಊರುಗಳನ್ನೆಲ್ಲ ಸೇರಿಸಿಕೊಂಡ ಮೇಲೆ ತೊಯಾಮಾ ನಗರದ ವಿಸ್ತೀರ್ಣ 1,240 ಚದರ ಕಿಲೋಮೀಟರ್ ದಾಟಿತು. ಅದರಲ್ಲಿ ಪೇಟೆಯ ನಡುಭಾಗ ಸುಮಾರು 436 ಹೆಕ್ಟೇರ್, ಅಂದರೆ ನೂರಕ್ಕೆ 0.4ರಷ್ಟೂ ಇಲ್ಲ. ಆದರೆ ಆಸ್ತಿ ತೆರಿಗೆ ಮತ್ತು ನಗರ ಯೋಜನಾ ತೆರಿಗೆಯಲ್ಲಿ ಶೇಕಡ 22ರಷ್ಟು ಈ ಪುಟ್ಟ ಜಾಗದಿಂದಲೇ ಬರುತ್ತಿತ್ತು. ಪೇಟೆ ಹಾಳಾದರೆ ನೆಲದ ಬೆಲೆ ಬೀಳುತ್ತದೆ. ಬೆಲೆ ಬಿದ್ದರೆ ತೆರಿಗೆ ಬೀಳುತ್ತದೆ. ಆಗ ಬೆಟ್ಟದ ಹಳ್ಳಿಯ ರಸ್ತೆಯ ಹಿಮ ತೆಗೆಯಲೂ ದುಡ್ಡಿರುವುದಿಲ್ಲ. ಹಾಗಾಗಿ ಪೇಟೆಗೆ ಹಾಕುವ ದುಡ್ಡು ಹಳ್ಳಿಯವರಿಗೂ ಸೇರಿದ್ದು ಅಂತ ಅವರು ಮತ್ತೆ ಮತ್ತೆ ಸಭೆಗಳಲ್ಲಿ ವಿವರಿಸುತ್ತಿದ್ದರು.

ಈ ವಾದವನ್ನು ಎಲ್ಲರೂ ಒಪ್ಪಲಿಲ್ಲ, ಅದು ಸಹಜವೂ ಹೌದು. ಹೊಸದಾಗಿ ನಗರಕ್ಕೆ ಸೇರಿದ ಬೆಟ್ಟದ ಊರಿನವರಿಗೆ ತಮ್ಮ ಬಸ್ಸು ಕಡಿಮೆಯಾಗುವುದು ಕಾಣುತ್ತದೆ, ಪೇಟೆಯಲ್ಲಿ ಹೊಳೆಯುವ ಟ್ರಾಮ್ ಕಾಣುತ್ತದೆ, ತೆರಿಗೆಯ ಹರಿವು ಕಣ್ಣಿಗೆ ಕಾಣುವುದಿಲ್ಲ. ಆ ಅಸಮಾಧಾನವನ್ನು ತಿಳಿವಳಿಕೆ ಇಲ್ಲದವರ ಮಾತು ಅಂತ ತಳ್ಳಿಹಾಕುವುದು ತಪ್ಪು. ಆದರೂ ಲೆಕ್ಕ ಸರಿಯಿದೆ ಅಂತಲೇ ನನಗೆ ಅನ್ನಿಸುತ್ತದೆ. ಜನ ಎಲ್ಲ ಕಡೆ ತೆಳುವಾಗಿ ಹರಡಿಕೊಂಡಷ್ಟೂ ನೀರಿನ ಪೈಪು, ಕಸದ ಗಾಡಿ, ಹಿಮ ತೆಗೆಯುವುದು ಎಲ್ಲವೂ ತಲೆಗೆ ಇಷ್ಟು ಅಂತ ದುಬಾರಿಯಾಗುತ್ತಾ ಹೋಗುತ್ತದೆ. ಜನ ಕಡಿಮೆಯಾಗುವ ಊರಿಗೆ ಇದು ನಿಧಾನದ ವಿಷ.

ತೊಯಾಮಾದ ಯೋಜನೆಯನ್ನು ಮೋರಿ ಡಾಂಗೊಗೆ ಹೋಲಿಸಿದರು. ಅಕ್ಕಿ ಹಿಟ್ಟಿನ ಉಂಡೆಗಳನ್ನು ಕಡ್ಡಿಗೆ ಪೋಣಿಸಿ ಮಾಡುವ ತಿಂಡಿ ಅದು. ಊರಿನ ಬಡಾವಣೆಗಳು ಉಂಡೆ, ರೈಲು ಟ್ರಾಮ್ ಬಸ್ಸುಗಳು ಕಡ್ಡಿ. ಎಲ್ಲರೂ ನಡುಪೇಟೆಗೆ ಬಂದು ಇರಿ ಅಂತ ಯಾರನ್ನೂ ಬಲವಂತ ಮಾಡಲಿಲ್ಲ. ರೈಲು ಅಥವಾ ಟ್ರಾಮ್ ನಿಲ್ದಾಣದಿಂದ 500 ಮೀಟರ್ ಒಳಗೆ, ಪದೇ ಪದೇ ಬಸ್ ಬರುವ ನಿಲ್ದಾಣದಿಂದ 300 ಮೀಟರ್ ಒಳಗೆ ಮನೆ ಕೊಂಡರೆ ಸಹಾಯಧನ ಕೊಟ್ಟರು. 2005ರಲ್ಲಿ ಇಂಥ ಜಾಗಗಳಲ್ಲಿ ಇದ್ದವರು ಶೇಕಡ 28. ಇಪ್ಪತ್ತು ವರ್ಷದಲ್ಲಿ ಅದನ್ನು 42ಕ್ಕೆ ತರಬೇಕು ಅನ್ನುವುದು ಗುರಿ. ಪಾಲಿಕೆಯ ಲೆಕ್ಕದಲ್ಲಿ ಅದು 40ರ ಹತ್ತಿರ ಬಂದಿದೆ. ಒಂದು ಪಾಲಿಕೆ ಇಪ್ಪತ್ತು ವರ್ಷ ಒಂದೇ ಗುರಿಯನ್ನು ಹಿಡಿದುಕೊಂಡಿರುವುದೇ ಅಪರೂಪ. ಮುಂದುವರಿದ ದೇಶಗಳ ಆರ್ಥಿಕ ಸಂಘಟನೆಯಾದ ಒಇಸಿಡಿ 2012ರಲ್ಲಿ ಒತ್ತೊತ್ತಾದ ನಗರಗಳ ಬಗ್ಗೆ ವರದಿ ಮಾಡಿದಾಗ ಮೆಲ್ಬರ್ನ್, ವ್ಯಾಂಕೂವರ್, ಪ್ಯಾರಿಸ್, ಪೋರ್ಟ್‌ಲ್ಯಾಂಡ್ ಜೊತೆಗೆ ತೊಯಾಮಾವನ್ನೂ ಆರಿಸಿಕೊಂಡದ್ದು ಇದೇ ಕಾರಣಕ್ಕೆ.

ಹಳಿ ಹಾಕಿ ಸುಮ್ನೆ ಕೂರಲೂ ಇಲ್ಲ. 65 ದಾಟಿದವರಿಗೆ ಒಂದು ಪಾಸ್ ಮಾಡಿದರು. ಬೆಳಗ್ಗೆ 9ರಿಂದ ಸಂಜೆ 5ರೊಳಗೆ ನಗರದ ಯಾವ ಮೂಲೆಯಿಂದಾದರೂ ನಡುಪೇಟೆಗೆ 100 ಯೆನ್‌ಗೆ ಬರುವ ಹಾಗೆ ಮಾಡಿದರು. ಅಜ್ಜ ಅಜ್ಜಿ ಮೊಮ್ಮಕ್ಕಳನ್ನು ಕರೆದುಕೊಂಡು ಬಂದರೆ ಪಾಲಿಕೆಯ ಮೃಗಾಲಯ, ವಸ್ತುಸಂಗ್ರಹಾಲಯಗಳಿಗೆ ಇಬ್ಬರಿಗೂ ಟಿಕೆಟ್ ಬೇಡ ಅಂದರು. ಪೇಟೆಯ ಗೊತ್ತುಪಡಿಸಿದ ಹೂವಿನ ಅಂಗಡಿಯಲ್ಲಿ ಹೂಗುಚ್ಛ ಕೊಂಡು ಟ್ರಾಮ್ ಹತ್ತಿದರೆ ಪುಕ್ಕಟೆ ಪ್ರಯಾಣ ಅನ್ನುವ ಯೋಜನೆಯನ್ನೂ ತಂದರು. ಟ್ರಾಮಿನೊಳಗೆ ಯಾರೋ ಹೂ ಹಿಡಿದು ಕೂತಿರಲಿ ಅನ್ನುವುದೇ ಅದರ ಉದ್ದೇಶ. ನನಗೆ ಇದು ತುಂಬ ದೊಡ್ಡ ವಿಷಯವಾಗಿ ಕಾಣುತ್ತದೆ. ಸಾರಿಗೆ ಇಲಾಖೆಯ ಕಡತದಲ್ಲಿ ಹೂವಿಗೆ ಜಾಗ ಸಿಗಬೇಕಾದರೆ ಅದನ್ನು ಬರೆದವರು ಊರನ್ನು ಪ್ರೀತಿಸುವವರೇ ಆಗಿರಬೇಕು.

ಪೇಟೆಯ ಒಳಗೂ ಕೆಲಸ ನಡೆಯಿತು. ಗಾಜಿನ ಸೂರಿನ ಗ್ರ್ಯಾಂಡ್ ಪ್ಲಾಜಾ ಅನ್ನುವ ಸಾರ್ವಜನಿಕ ಅಂಗಳ 2007ರಲ್ಲಿ ತೆರೆಯಿತು, ಹಿಮ ಬೀಳುವಾಗಲೂ ಅಲ್ಲಿ ಸಂತೆ, ಮದುವೆ, ಕಾರ್ಯಕ್ರಮ ನಡೆಯುತ್ತವೆ. ನಿಶಿಚೊದಲ್ಲಿ ಹಳೆಯ ಮಳಿಗೆ ಇದ್ದ ಜಾಗದಲ್ಲಿ ಕೆಂಗೊ ಕುಮಾ ವಿನ್ಯಾಸದ ಕಿರಾರಿ ಕಟ್ಟಡ ಬಂತು, 2015ರಿಂದ ಅದರೊಳಗೆ ಗ್ರಂಥಾಲಯ ಮತ್ತು ಗಾಜಿನ ಕಲೆಯ ಸಂಗ್ರಹಾಲಯ. ಎರಡೂ ಟ್ರಾಮ್ ಸುತ್ತಿನ ಮೇಲೆಯೇ ಇವೆ. ಟ್ರಾಮಿನಲ್ಲಿ ಬಂದವರು ಕಾರಿನಲ್ಲಿ ಬಂದವರಿಗಿಂತ ಹೆಚ್ಚು ಹೊತ್ತು ಪೇಟೆಯಲ್ಲಿ ಇರುತ್ತಾರೆ, ಖರ್ಚೂ ಹೆಚ್ಚು ಮಾಡುತ್ತಾರೆ ಅಂತ ಪಾಲಿಕೆಯ ಸಮೀಕ್ಷೆಯಲ್ಲಿ ಕಂಡುಬಂತು. ಪಾರ್ಕಿಂಗ್ ಗಡುವಿನ ಚಿಂತೆಯಿಲ್ಲ, ಊಟದ ಜೊತೆ ಸ್ವಲ್ಪ ಸಾಕೆ ಅನ್ನುವ ಅಕ್ಕಿ ಮದ್ಯ ಕುಡಿದರೂ ಮನೆಗೆ ಹೋಗುವ ಚಿಂತೆಯಿಲ್ಲ.

ಶಿಂಕಾನ್ಸೆನ್ 2015ರ ಮಾರ್ಚ್‌ನಲ್ಲಿ ಬಂದಾಗ ಟ್ರಾಮನ್ನು ನಿಲ್ದಾಣದ ಕೆಳಗೇ ತಂದರು. 2020ರ ಮಾರ್ಚ್ 21ರಂದು ಉತ್ತರದ ಪೋರ್ಟ್ರಾಮ್ ಮತ್ತು ದಕ್ಷಿಣದ ಟ್ರಾಮ್ ಹಳಿಗಳು ಅಲ್ಲೇ ಒಂದಾದವು. ನೂರು ವರ್ಷಕ್ಕೂ ಹೆಚ್ಚು ಕಾಲ ರೈಲು ಹಳಿ ಊರನ್ನು ಎರಡು ಭಾಗ ಮಾಡಿತ್ತು, ಆ ದಿನದಿಂದ ಬಂದರಿನವರು ಇಳಿಯದೆ ಪೇಟೆಗೆ ಬರುವ ಹಾಗಾಯಿತು. ದುರದೃಷ್ಟಕ್ಕೆ ಅದು ಕೊರೋನಾ ಶುರುವಾದ ವಸಂತ.

ಅಲ್ಲಿಂದ ಕಥೆ ಕಷ್ಟದ ಕಡೆ ತಿರುಗುತ್ತದೆ. ಚಿತೆತ್ಸು ಕಂಪನಿಗೆ ಟ್ರಾಮ್ ಅಲ್ಲದೆ 90 ಕಿಲೋಮೀಟರಿಗೂ ಹೆಚ್ಚು ಉದ್ದದ ರೈಲು ಮಾರ್ಗಗಳಿವೆ. ಒಂದು ನಾಮೆರಿಕಾವಾ, ಉವೊಜು, ಕುರೊಬೆ ದಾಟಿ ಉನಾಜುಕಿ ಬಿಸಿನೀರಿನ ಬುಗ್ಗೆಯ ಊರಿಗೆ. ಇನ್ನೊಂದು ಇವಾಕುರಾಜಿ ಮೂಲಕ ತಾತೆಯಾಮಾ ಬೆಟ್ಟದ ಬುಡಕ್ಕೆ, ಹಿಮದ ಗೋಡೆ ನೋಡಲು ದೇಶ ವಿದೇಶದವರು ಹೋಗುವ ದಾರಿ ಅದು. ಇವೆಲ್ಲ ಹಳೆಯ ಪದ್ಧತಿಯವು. ಹಳಿಯೂ ಕಂಪನಿಯದ್ದು, ಸೇತುವೆಯೂ ಕಂಪನಿಯದ್ದು, ನಷ್ಟವೂ ಕಂಪನಿಯದ್ದು. ಜನ ಕಡಿಮೆ, ಶಾಲಾ ಮಕ್ಕಳು ಕಡಿಮೆ, ಸಾಮಾನಿನ ಬೆಲೆ ಜಾಸ್ತಿ, ಕೆಲಸಕ್ಕೆ ಜನ ಸಿಗುತ್ತಿಲ್ಲ. ಹಿಂದೆ ಬಸ್ಸಿನಲ್ಲಿ, ಬೇರೆ ವ್ಯಾಪಾರದಲ್ಲಿ ಬಂದ ಲಾಭದಿಂದ ರೈಲಿನ ನಷ್ಟ ತುಂಬಿಸಬಹುದಿತ್ತು, ಈಗ ಅದೂ ಆಗುವುದಿಲ್ಲ. 2025ರಲ್ಲಿ ಕಂಪನಿ, ಸರ್ಕಾರದ ನೆರವು ಸಿಗದಿದ್ದರೆ ನಾಮೆರಿಕಾವಾದಿಂದ ಶಿನ್-ಕುರೊಬೆವರೆಗೆ ಮತ್ತು ಇವಾಕುರಾಜಿಯಿಂದ ತಾತೆಯಾಮಾವರೆಗೆ ಮುಚ್ಚಬೇಕಾಗುತ್ತದೆ ಅನ್ನುವ ನಿಲುವು ತೆಗೆದುಕೊಂಡಿತು. ಪ್ರಾಂತ್ಯದ ಸರ್ಕಾರ, ಊರೂರಿನ ಮೇಯರ್‌ಗಳು ಆಗ ಮೇಜಿನ ಸುತ್ತ ಕೂತರು.

ಪೇಟೆಯಲ್ಲಿ ಆದದ್ದು ಇಲ್ಲಿ ಯಾಕೆ ಆಗಲಿಲ್ಲ? ಒಂದು ಕಾರಣ ಸ್ಪಷ್ಟ. ಸೆಂಟ್ರಾಮ್ ಪೂರ್ತಿ ಒಂದೇ ನಗರದೊಳಗೆ ಇತ್ತು. ಒಬ್ಬ ಮೇಯರ್, ಒಂದು ಸಭೆ, ಒಂದು ಖಜಾನೆ. ಹಾಕಿದ ದುಡ್ಡಿನ ಫಲ ಅದೇ ಖಜಾನೆಗೆ ತೆರಿಗೆಯಾಗಿ ಬರುತ್ತದೆ. ಉನಾಜುಕಿಗೆ ಹೋಗುವ ಮಾರ್ಗ ಹಲವು ಊರುಗಳನ್ನು ದಾಟುತ್ತದೆ. ನಮ್ಮ ಊರಿನಲ್ಲಿ ಹಳಿ ಇಷ್ಟೇ ಉದ್ದ, ನಮ್ಮಲ್ಲಿ ಹತ್ತುವವರು ಇಷ್ಟೇ ಜನ, ನಾವು ಯಾಕೆ ಅಷ್ಟು ಕೊಡಬೇಕು ಅಂತ ಪ್ರತಿ ಊರೂ ಕೇಳುತ್ತದೆ. ಬೆಟ್ಟದ ಕೆಳಗಿನ ಮಾರ್ಗದಲ್ಲಂತೂ ಪ್ರಯಾಣಿಕರು ಪ್ರವಾಸಿಗರು, ಖರ್ಚು ಮಾತ್ರ ಊರಿನವರದ್ದು.

ಇನ್ನೊಂದು ಕಾರಣ ಹೇಳಲು ಸ್ವಲ್ಪ ಕಷ್ಟ. ನಾಮೆರಿಕಾವಾ ಆಚೆಗೆ ಚಿತೆತ್ಸು ಹಳಿಯ ಪಕ್ಕದಲ್ಲೇ ಐನೊಕಾಜೆ ತೊಯಾಮಾ ರೈಲ್ವೆಯ ಹಳಿ ಹೋಗುತ್ತದೆ. ಅದು ಹಿಂದಿನ ಜೆಆರ್ ಮಾರ್ಗ, ಶಿಂಕಾನ್ಸೆನ್ ಬಂದ ಮೇಲೆ ಪ್ರಾಂತ್ಯ ಮತ್ತು ಊರುಗಳ ಪಾಲುದಾರಿಕೆಯ ಕಂಪನಿಗೆ ಬಂದದ್ದು. ಜನ ಕಡಿಮೆಯಾಗುತ್ತಿರುವ ಕರಾವಳಿಯಲ್ಲಿ ಎರಡು ರೈಲು ಅಕ್ಕಪಕ್ಕ ಓಡುವುದನ್ನು ಹೇಗೆ ಸಮರ್ಥಿಸುವುದು? ರೈಲು ಇಷ್ಟಪಡುವವನಾದರೂ ನಾನು ಹೇಳಬೇಕಾದ್ದು ಇಷ್ಟೇ, ಅಲ್ಲಿ ಒಂದು ಹಳಿ ಸಾಕು ಅನ್ನುವ ತೀರ್ಮಾನಕ್ಕೆ ಬಂದರೆ ಅದನ್ನು ದ್ರೋಹ ಅನ್ನಲಾಗದು. ಎರಡು ನಿಲ್ದಾಣಗಳ ನಡುವೆ ಹತ್ತುವ ಇಳಿಯುವ ಅನುಕೂಲ, ಒಂದೇ ಟಿಕೆಟ್, ಹೊಂದಿಸಿದ ವೇಳಾಪಟ್ಟಿ, ಇಷ್ಟು ಮಾಡಿಕೊಟ್ಟರೆ. ಇವಾಕುರಾಜಿ ಮೇಲಿನ ಭಾಗಕ್ಕೆ ಈ ಮಾತು ಹೊಂದುವುದಿಲ್ಲ, ಅಲ್ಲಿ ಬೇರೆ ಹಳಿಯೇ ಇಲ್ಲ.

ಈಗ ಜಪಾನಿನಲ್ಲಿ ಓಡಾಡುತ್ತಿರುವ ಒಂದು ಮಧ್ಯದ ದಾರಿ ಇದೆ, ಮಿನಾಶಿ ಜೋಗೆ ಬುನ್ರಿ. ಕಾಗದದಲ್ಲಿ ಹಳಿ ಕಂಪನಿಯ ಹೆಸರಲ್ಲೇ ಇರುತ್ತದೆ, ಆದರೆ ಅದನ್ನು ನೋಡಿಕೊಳ್ಳುವ ಖರ್ಚನ್ನು ಊರುಗಳು ಹೊರುತ್ತವೆ, ಹಳಿ ಊರಿನದ್ದೇ ಅಂತ ಭಾವಿಸಿದ ಹಾಗೆ. ಆಸ್ತಿ ವರ್ಗಾವಣೆಯ ತಲೆನೋವು ಇಲ್ಲ. ಉತ್ಸುನೊಮಿಯಾ ನಗರ 2023ರ ಆಗಸ್ಟ್‌ನಲ್ಲಿ 14.6 ಕಿಲೋಮೀಟರಿನ ಹೊಚ್ಚಹೊಸ ಟ್ರಾಮ್ ತೆರೆದಾಗ ಇನ್ನೂ ಮುಂದೆ ಹೋಗಿ ಶುರುವಿನಿಂದಲೇ ಹಳಿಯನ್ನು ನಗರದ ಆಸ್ತಿ ಮಾಡಿಕೊಂಡಿತು. ಅಲ್ಲಿ ಹಳಿ ಇರುವುದು ಉತ್ಸುನೊಮಿಯಾ ಮತ್ತು ಪಕ್ಕದ ಹಾಗಾ ಪಟ್ಟಣದಲ್ಲಿ, ಎರಡೂ ಸೇರಿಯೇ ಮಾಡಿದವು. ಹಾಗಾಗಿ ಊರಿನ ಗಡಿ ದಾಟುವ ಹಳಿಗೆ ಜೊತೆಯಾಗಿ ಹೊಣೆ ಹೊರುವುದು ಆಗದ ಮಾತೇನಲ್ಲ. ಆದರೆ ಎರಡು ಊರು ಕೂತು ಮಾತಾಡುವುದಕ್ಕೂ, ಆರೇಳು ಊರು ಕೂತು ನೂರು ವರ್ಷ ಹಳೆಯ ಸೇತುವೆಗಳ ಬಗ್ಗೆ ಮಾತಾಡುವುದಕ್ಕೂ ವ್ಯತ್ಯಾಸ ಬಹಳ.

ಪೇಟೆಯ ಟ್ರಾಮ್ ಚೆನ್ನಾಗಿದೆಯಲ್ಲ, ಹಳ್ಳಿಯ ಹಳಿ ಹೋದರೆ ಹೋಗಲಿ ಅನ್ನುವವರೂ ಇದ್ದಾರೆ. ಅವರು ಒಂದನ್ನು ಗಮನಿಸಬೇಕು. ಸೆಂಟ್ರಾಮ್ ಹತ್ತುವವರೆಲ್ಲ ಪೇಟೆಯಲ್ಲೇ ಮನೆ ಇರುವವರಲ್ಲ. ತುಂಬ ಜನ ಹೊರಗಿನ ನಿಲ್ದಾಣಗಳಿಂದ ಚಿತೆತ್ಸು ರೈಲಿನಲ್ಲಿ ಬಂದು, ತೊಯಾಮಾದಲ್ಲಿ ಇಳಿದು, ಟ್ರಾಮಿಗೆ ಬದಲಾಯಿಸುವವರು. 100 ಯೆನ್ ಪಾಸ್ ಇರುವ ಅಜ್ಜಿಗೆ ಆ ಪಾಸ್ ಉಪಯೋಗಕ್ಕೆ ಬರುವುದು ಅವಳ ಮನೆಯ ಹತ್ತಿರ ರೈಲೋ ಬಸ್ಸೋ ಬಂದರೆ ಮಾತ್ರ. ಡಾಂಗೊದ ಕಡ್ಡಿ ಮುರಿದರೆ ನಡುವಿನ ಉಂಡೆಯೂ ಜಾರುತ್ತದೆ. ಆ 0.9 ಕಿಲೋಮೀಟರಿಗೆ 300 ಕೋಟಿ ಯೆನ್ ಹಾಕುವಾಗ ಪಾಲಿಕೆ ಟಿಕೆಟ್ ಪೆಟ್ಟಿಗೆಯ ಆಚೆಗೆ ನೋಡಿತ್ತು. ನಾಮೆರಿಕಾವಾದ, ಉವೊಜುವಿನ, ಕುರೊಬೆಯ ಸಭೆಗಳಲ್ಲಿ ಈಗ ಮುಂದಿಟ್ಟಿರುವ ಕಾಗದಗಳಲ್ಲಿ ಹೆಚ್ಚಾಗಿ ಇರುವುದು ಕಿಲೋಮೀಟರಿಗೆ ಎಷ್ಟು ನಷ್ಟ ಅನ್ನುವ ಸಾಲು. ಅದರ ಪಕ್ಕದಲ್ಲಿ ಇನ್ನೊಂದು ಸಾಲನ್ನೂ ಬರೆಯಲಿ ಅಂತ ನನ್ನ ಆಸೆ: ಈ ರೈಲು ಇಲ್ಲದಿದ್ದರೆ ಹೈಸ್ಕೂಲಿಗೆ ಹೋಗುವ ಮಕ್ಕಳನ್ನು ದಿನಾ ಯಾರು ಕಾರಿನಲ್ಲಿ ಬಿಡುತ್ತಾರೆ, ಆಸ್ಪತ್ರೆಗೆ ಹೋಗುವ ಅಜ್ಜಿ ಹೇಗೆ ಹೋಗುತ್ತಾಳೆ, ಅದಕ್ಕೆ ಊರಿಗೆ ಎಷ್ಟು ಖರ್ಚು.